ಮೈಮೇಲೆ ಉಳಿಯುವ ಕಿತ್ತಳೆ: ಬೇಟೆಯ ಮೂರು ಬಟ್ಟೆ, ನಾಲ್ಕು ಸೀಸನ್

ನನ್ನ ಹತ್ತಿರ ಈಗ ಇರುವುದು ಮೂರನೆಯ ಕಿತ್ತಳೆ ಬಟ್ಟೆ. ಅಮೆರಿಕದ ಜಿಂಕೆ ಬೇಟೆ ಸೀಸನ್‌ನಲ್ಲಿ ಬೇರೆ ಬೇಟೆಗಾರರು ಪ್ರಾಣಿ ಅಂದುಕೊಂಡು ಗುಂಡು ಹಾರಿಸದಿರಲಿ, ಅವರ ಕಣ್ಣಿಗೆ ದೂರದಿಂದಲೇ ಬೀಳಲಿ ಅಂತ ಹಾಕಿಕೊಳ್ಳುತ್ತೇವಲ್ಲ, ಆ ಬಟ್ಟೆ. ಮೊದಲನೆಯದು ತೆಳ್ಳನೆಯ ಜಾಲರಿ ವೆಸ್ಟ್, ಅಂದರೆ ಬೇರೆ ಬಟ್ಟೆಯ ಮೇಲೆ ತೊಡುವ ತೋಳಿಲ್ಲದ ಅಂಗಿ. ಎರಡನೆಯದು ಮಳೆ ತಡೆಯುವ ದಪ್ಪ ಜಾಕೆಟ್. ಈಗಿನದು ಫ್ಲೀಸ್ ವೆಸ್ಟ್, ಉಣ್ಣೆಯ ಹಾಗೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆಯದು. ನಾಲ್ಕು ಸೀಸನ್‌ನಲ್ಲಿ ಮೂರನ್ನೂ ತೊಟ್ಟು ನಡೆದಿದ್ದೇನೆ, ಗಂಟೆಗಟ್ಟಲೆ ಕೂತಿದ್ದೇನೆ, ಮಳೆಯಲ್ಲಿ ನೆನೆದಿದ್ದೇನೆ, ಮನೆಗೆ ತಂದು ಒಗೆದಿದ್ದೇನೆ. ಹೊಸದಾಗಿ ಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ನನ್ನ ಅನುಭವ ಬರೆಯುತ್ತಿದ್ದೇನೆ.

ಜಾಕೆಟ್‌ನಿಂದಲೇ ಶುರು ಮಾಡುತ್ತೇನೆ. ಕೊಳ್ಳುವಾಗ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ. ಬಣ್ಣ ಝಗಮಗ ಅನ್ನುತ್ತಿತ್ತು. ಒಳಗೆ ದಪ್ಪ ಅಸ್ತರು, ಎಂಟು ಜೇಬು, ಕತ್ತಿನವರೆಗೆ ಜಿಪ್. ಎರಡನೇ ಸೀಸನ್‌ನ ಮೊದಲ ದಿನ ನಸುಕಿನಲ್ಲಿ ಹಾಕಿಕೊಂಡು ಹೊರಟಾಗ ಬೆಚ್ಚಗೆ ಹಿತವಾಗಿತ್ತು. ಹೊತ್ತೇರಿತು. ಇಳಿಜಾರು ಹತ್ತಿ ಇಳಿದು ಮಾಡುವಷ್ಟರಲ್ಲಿ ಬೆನ್ನೆಲ್ಲಾ ಬೆವರು. ಬಟ್ಟೆಗೆ ಉಸಿರೇ ಇಲ್ಲ. ಒಳಗಿನ ಆವಿ ಒಳಗೇ ನೀರಾಗಿ ಇಳಿಯುತ್ತಿತ್ತು. ಹೇಗೂ ವಾಪಸ್ ಹೋಗುವ ಹೊತ್ತು, ಕೋವಿ ಖಾಲಿ ಮಾಡಿ ಆಗಿದೆ, ಇನ್ನೇನು ಅಂತ ಜಾಕೆಟ್ ಬಿಚ್ಚಿ ಬ್ಯಾಗಿಗೆ ತುರುಕಿದೆ. ಒಳಗೆ ಇದ್ದದ್ದು ಕಂದು ಬಣ್ಣದ ಸ್ವೆಟರ್.

ಅಣ್ಣ ಎದುರಿನ ಇಳಿಜಾರಿನಲ್ಲಿ ಕೂತಿದ್ದ. ಕೆಳಗೆ ಸಿಕ್ಕಾಗ ಅವನ ಮುಖ ಬಾಡಿತ್ತು.

"ಅಲ್ಲಮ್ಮಾ, ಎಲ್ಲಿ ಹೋಗಿದ್ದೆ? ಆ ದೊಡ್ಡ ಬಂಡೆ ದಾಟಿದ ಮೇಲೆ ನೀನು ಕಾಣಲೇ ಇಲ್ಲ."

"ಎಲ್ಲೂ ಹೋಗಿಲ್ಲ ಅಣ್ಣ. ಅದೇ ದಾರೀಲಿ ಬಂದೆ. ಸೆಖೆ ಆಯ್ತು ಅಂತ ಜಾಕೆಟ್ ತೆಗೆದು ಬ್ಯಾಗಿಗೆ ಹಾಕ್ಕೊಂಡೆ."

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ನಂಗೆ ಪೊದೆ ಅಲ್ಲಾಡೋದು ಮಾತ್ರ ಕಾಣ್ತಿತ್ತು."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಣ್ಣ ತಾಳ್ಮೆಯವನು. ಏನು ಅಂತ ಸ್ಪಷ್ಟವಾಗಿ ಕಾಣದೆ ಕೋವಿ ಎತ್ತುವವನಲ್ಲ. ಆದರೆ ಕಾಡಿನಲ್ಲಿ ಅವತ್ತು ನಾವಿಬ್ಬರೇ ಇರಲಿಲ್ಲ. ನಿಯಮಕ್ಕೆ ಬೇಕಾದ ಬಣ್ಣ, ಬೇಕಾದ ಅಳತೆ ಎಲ್ಲಾ ಇದ್ದ ಜಾಕೆಟ್ ನನ್ನ ಬಳಿ ಇತ್ತು. ಇದ್ದದ್ದು ಬ್ಯಾಗಿನೊಳಗೆ. ಅವತ್ತಿನಿಂದ ನಾನು ಬಟ್ಟೆ ನೋಡುವ ರೀತಿಯೇ ಬದಲಾಯಿತು. ಇದು ಎಷ್ಟು ಹೊಳೆಯುತ್ತದೆ ಅನ್ನುವುದಕ್ಕಿಂತ ಮೊದಲು, ಬೆಳಿಗ್ಗೆ ಹಾಕಿಕೊಂಡರೆ ಸಂಜೆ ಗಾಡಿ ಹತ್ತುವವರೆಗೆ ತೆಗೆಯಬೇಕು ಅನ್ನಿಸದೆ ಇರುತ್ತದಾ ಅಂತ ಕೇಳಿಕೊಳ್ಳುತ್ತೇನೆ.

ಬಣ್ಣದ ವಿಷಯ ಮೊದಲು ಮುಗಿಸಿಬಿಡೋಣ, ಯಾಕೆಂದರೆ ಹೊಸಬರಿಗೆ ಅಲ್ಲೇ ಜಾಸ್ತಿ ಗೊಂದಲ. ಮಾಮೂಲಿ ಕಿತ್ತಳೆ ಬೇರೆ, ಬೇಟೆಗೆ ಬೇಕಾದ ಫ್ಲೋರೊಸೆಂಟ್ ಕಿತ್ತಳೆ ಬೇರೆ. ಫ್ಲೋರೊಸೆಂಟ್ ಬಣ್ಣ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನೂ ನೀಲಿ ಬೆಳಕನ್ನೂ ಹೀರಿಕೊಂಡು, ಅದನ್ನು ಕಿತ್ತಳೆ ಬೆಳಕಾಗಿ ವಾಪಸ್ ಕೊಡುತ್ತದೆ. ಹಾಗಾಗಿ ಬಟ್ಟೆ ತನ್ನ ಮೇಲೆ ಬಿದ್ದ ಕಿತ್ತಳೆ ಬೆಳಕಿಗಿಂತ ಹೆಚ್ಚನ್ನೇ ಹೊರಗೆ ಬಿಡುತ್ತದೆ. ಮೋಡ ಕವಿದ ದಿನ, ಮುಸ್ಸಂಜೆಯಲ್ಲಿ ಸುತ್ತಲಿನದೆಲ್ಲಾ ಮಂಕಾದರೂ ಆ ಒಂದು ತುಂಡು ಮಾತ್ರ ಎದ್ದು ಕಾಣುವುದು ಇದರಿಂದಲೇ. ಮನೆಯಲ್ಲಿದ್ದ ಮಾಮೂಲಿ ಕಿತ್ತಳೆ ಟೀ ಶರ್ಟನ್ನೂ ವೆಸ್ಟನ್ನೂ ಒಂದು ಸಂಜೆ ಅಕ್ಕಪಕ್ಕ ಮರಕ್ಕೆ ನೇತುಹಾಕಿ ಹಿಂದಕ್ಕೆ ನಡೆಯುತ್ತಾ ಹೋದೆ. ಇನ್ನೂರು ಹೆಜ್ಜೆಗೆ ಟೀ ಶರ್ಟ್ ಒಣಗಿದ ಎಲೆಗಳ ಜೊತೆ ಸೇರಿಹೋಯಿತು. ವೆಸ್ಟ್ ಮಾತ್ರ ಕೆಂಡದ ಹಾಗೆ ಉಳಿದಿತ್ತು.

ಹಾಗಾದರೆ ಜಿಂಕೆಗೆ ಕಾಣಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬಟ್ಟೆ ಕಾಣುತ್ತದೆ, ಬಣ್ಣ ನಮಗೆ ಕಂಡ ಹಾಗೆ ಕಾಣುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ ಬಗೆ. ಕೆಂಪು, ಕಿತ್ತಳೆಗಳನ್ನು ಹಸಿರಿನಿಂದ ಬೇರೆ ಮಾಡಿ ನೋಡುವ ಶಕ್ತಿ ಅದಕ್ಕಿಲ್ಲ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಬಿಳಿಬಾಲದ ಜಿಂಕೆಯ ಕಣ್ಣನ್ನು ಪರೀಕ್ಷಿಸಿ ಇದನ್ನು ತೋರಿಸಿದರು. ಆದರೆ ನೀಲಿ ಕಡೆಯ ಬೆಳಕು ಅದಕ್ಕೆ ನಮಗಿಂತ ಚೆನ್ನಾಗಿ ಕಾಣುತ್ತದೆ. ಬಟ್ಟೆ ಒಗೆಯುವ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಇನ್ನು, ಜಿಂಕೆ ಬೇಗ ಹಿಡಿಯುವುದು ಅಲುಗಾಟವನ್ನು, ಸದ್ದನ್ನು, ವಾಸನೆಯನ್ನು. ಹಕ್ಕಿಗಳ ಕಥೆ ಬೇರೆ. ಟರ್ಕಿ ಕೋಳಿಯ ಕಣ್ಣಿಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಅದರ ಬೇಟೆಯ ಪದ್ಧತಿಯೂ ಬೇರೆ, ನಾನು ಇಲ್ಲಿ ಹೇಳುತ್ತಿರುವುದು ಜಿಂಕೆ ಬೇಟೆಯ ಬಟ್ಟೆಯ ಬಗ್ಗೆ.

ರಸ್ತೆ ಕೆಲಸದವರ ಹಳದಿ-ಹಸಿರು ವೆಸ್ಟ್ ಮನೆಯಲ್ಲಿದೆ, ಅದೇ ಸಾಕಲ್ವಾ ಅಂತ ಕೇಳುವವರೂ ಇದ್ದಾರೆ. ಸಾಲದು. ಟಾರು ರಸ್ತೆ ಮೇಲೆ ಆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಎಲೆಗಳ ನಡುವೆ ಅದು ಬಿಸಿಲು ಬಿದ್ದ ಎಳೆ ಚಿಗುರಿನ ಹಾಗೆ ಬೆರೆತುಹೋಗುತ್ತದೆ. ಅದರ ಮೇಲಿನ ಬೆಳ್ಳಿ ಪಟ್ಟಿಗಳು ಹೊಳೆಯಬೇಕಾದರೆ ಎದುರಿನಿಂದ ದೀಪ ಬೀಳಬೇಕು, ಹಗಲು ಬೆಳಕಿನಲ್ಲಿ ಅವು ಸುಮ್ನೆ ಬೂದು ಬಟ್ಟೆ. ಅದಕ್ಕಿಂತ ಮುಖ್ಯ, ಜಾಸ್ತಿ ಕಡೆ ನಿಯಮ ಅದನ್ನು ಒಪ್ಪುವುದೇ ಇಲ್ಲ.

ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ಬಂದೂಕು ಸೀಸನ್‌ಗೆ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಕಾಣಬೇಕು, ಅದೂ ಸುತ್ತ ಎಲ್ಲಾ ದಿಕ್ಕಿಗೂ. ಕೊಲೊರಾಡೊದಲ್ಲಿ ಅದರ ಎರಡರಷ್ಟು, 500 ಚದರ ಇಂಚು, ಜೊತೆಗೆ ಟೋಪಿ ಕಡ್ಡಾಯ. ಎಲೆ ಚಿತ್ತಾರ ಬೆರೆಸಿದ ಕಿತ್ತಳೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿಸ್ಕಾನ್ಸಿನ್ 2016ರಲ್ಲಿ ಕಿತ್ತಳೆಯ ಜೊತೆಗೆ ಫ್ಲೋರೊಸೆಂಟ್ ಗುಲಾಬಿಗೂ ಒಪ್ಪಿಗೆ ಕೊಟ್ಟಿತು. ಗುಲಾಬಿ ಬರೀ ಹೆಂಗಸರಿಗೆ ಅಂದುಕೊಳ್ಳಬೇಡಿ. ಎಲೆಗಳೆಲ್ಲಾ ಕೆಂಪು, ಕಿತ್ತಳೆ ಆಗಿ ಉದುರುವ ಕಾಲದಲ್ಲಿ ಕಾಡಿನಲ್ಲಿ ಎಲ್ಲೂ ಇಲ್ಲದ ಬಣ್ಣ ಅದು. ನನಗೆ ತುಂಬಾ ಇಷ್ಟ. ಆದರೆ ನೀವು ಹೋಗುವ ಕಡೆ ನಡೆಯುತ್ತದಾ ಅಂತ ಆ ವರ್ಷದ ನಿಯಮ ಪುಸ್ತಕ ನೋಡಿಯೇ ಕೊಳ್ಳಿ.

ಈಗ ಜಾಲರಿ ವೆಸ್ಟ್. ಮೊದಲ ಸೀಸನ್ ಅದರಲ್ಲೇ ಕಳೆದೆ. ಮಡಚಿದರೆ ಅಂಗೈಯಲ್ಲಿ ಹಿಡಿಯುವಷ್ಟು, ಯಾವ ಸ್ವೆಟರ್ ಮೇಲಾದರೂ ಬರುತ್ತದೆ, ಸೆಖೆ ಆಗುವುದಿಲ್ಲ. ಇದೆಲ್ಲಾ ನಿಜ. ತೊಂದರೆ ಶುರುವಾದದ್ದು ಪೊದೆಗಳಲ್ಲಿ. ಜಾಲರಿಯ ಒಂದೊಂದು ಕಣ್ಣೂ ಒಂದೊಂದು ಮುಳ್ಳಿಗೆ ಕೊಕ್ಕೆ. ಸಿಕ್ಕಿಕೊಳ್ಳುತ್ತದೆ, ನಿಲ್ಲಬೇಕು, ಬಿಡಿಸಿಕೊಳ್ಳಬೇಕು. ಆ ಅಲುಗಾಟದಲ್ಲೇ ಅರ್ಧ ಕಾಡಿಗೆ ಸುದ್ದಿ ಹೋಗಿರುತ್ತದೆ. ಮುಂದೆ ಬರೀ ಎರಡು ಲಾಡಿ. ಬಗ್ಗಿದರೆ ವೆಸ್ಟ್ ತೊಟ್ಟಿಲಿನ ಹಾಗೆ ಜೋತು ಬೀಳುತ್ತದೆ, ಗಾಳಿ ಬಂದರೆ ಪಟಪಟ ಹೊಡೆದುಕೊಳ್ಳುತ್ತದೆ. ಇನ್ನೊಂದು ಮಾತು ಅಣ್ಣ ಹೇಳಿದ ಮೇಲೆ ನನಗೆ ತಿಳಿಯಿತು. ಜಾಲರಿಯ ತೂತುಗಳಲ್ಲಿ ಒಳಗಿನ ಕಪ್ಪು ಸ್ವೆಟರ್ ಕಾಣುತ್ತದೆ. ದೂರದಿಂದ ನೋಡಿದರೆ ಎರಡೂ ಬೆರೆತು ಬಣ್ಣ ಕಂದಿದ ಹಾಗೆ ಇರುತ್ತದೆ. ಅಷ್ಟು ಹೊಳಪು ಎಲ್ಲಿ ಹೋಯಿತು ಅನ್ನಿಸುತ್ತದೆ. ಗಾಡಿಯಲ್ಲಿ ಒಂದು ಮಡಚಿ ಇಟ್ಟಿರಿ, ಜೊತೆಗೆ ಬಂದವರು ಮರೆತಿದ್ದರೆ ಕೊಡಬಹುದು. ದಿನವಿಡೀ ತೊಡುವುದಕ್ಕೆ ನಾನು ಅದನ್ನು ಹೇಳುವುದಿಲ್ಲ.

ಜಾಕೆಟ್‌ನ ಸೆಖೆ ಹೇಳಿದೆ. ಅದರ ದೊಡ್ಡ ದೋಷ ಸೆಖೆಯೂ ಅಲ್ಲ, ಸದ್ದು. ಹೊರಗಿನ ಬಟ್ಟೆ ನೈಲಾನ್, ಒಳಗೆ ನೀರು ತಡೆಯುವ ಲೇಪ. ಅಂಗಡಿಯ ಬೆಚ್ಚಗಿನ ಗಾಳಿಯಲ್ಲಿ ಮೆತ್ತಗಿತ್ತು. ಹಿಮ ಬಿದ್ದ ಬೆಳಗಿನಲ್ಲಿ ಅದೇ ಬಟ್ಟೆ ಹಪ್ಪಳದ ಹಾಗೆ ಗಡುಸಾಯಿತು. ಒಂದು ದಿನ ಅಟ್ಟಣೆಯಲ್ಲಿ ಕೂತಿದ್ದೆ. ನಲವತ್ತು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ ತಲೆ ತಗ್ಗಿಸಿ ಮೇಯುತ್ತಿತ್ತು. ನನಗೆ ಅದನ್ನು ಹೊಡೆಯುವ ಮನಸ್ಸೂ ಇರಲಿಲ್ಲ. ಮೂಗಿನ ತುದಿಯ ನೀರು ಒರೆಸಿಕೊಳ್ಳೋಣ ಅಂತ ಬಲಗೈ ಎತ್ತಿದೆ, ಅಷ್ಟೇ. ತೋಳು ಪಕ್ಕೆಗೆ ಉಜ್ಜಿ ಸರ್ರಕ್ ಅಂತು. ಜಿಂಕೆಯ ಒಂದು ಕಿವಿ ನನ್ನ ಕಡೆ ತಿರುಗಿತು, ತಲೆ ತಗ್ಗಿಸಿದ ಹಾಗೇ ಇತ್ತು. ನಾನು ಉಸಿರು ಹಿಡಿದು ಕೈ ಇಳಿಸಿದೆ. ಮತ್ತೆ ಸರ್ರಕ್. ಎರಡನೇ ಕಿವಿಯೂ ತಿರುಗಿತು, ಆಮೇಲೆ ತಲೆ, ಆಮೇಲೆ ಬಿಳಿ ಬಾಲ ಬಾವುಟದ ಹಾಗೆ ಮೇಲೆದ್ದಿತು. ಅಷ್ಟು ಹೊತ್ತಿನವರೆಗೂ ನನ್ನ ಕಿತ್ತಳೆ ಬಣ್ಣಕ್ಕೆ ಅದು ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ!

ಅದಕ್ಕೇ ಕೊಳ್ಳುವ ಮುಂಚೆ ಕಿವಿಯಿಂದ ಪರೀಕ್ಷೆ ಮಾಡಿ. ಕಣ್ಣು ಮುಚ್ಚಿ ತೋಳನ್ನು ಪಕ್ಕೆಗೆ ಉಜ್ಜಿ. ಉಗುರಿನಿಂದ ಬಟ್ಟೆಯನ್ನು ಕೆರೆಯಿರಿ, ಕೊಂಬೆ ತಾಗಿದಾಗ ಬರುವ ಸದ್ದು ಅದೇ. ಆಮೇಲೆ ಮನೆಗೆ ತಂದು, ಲೇಬಲ್ ಕೀಳದೆ, ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಮತ್ತೆ ಉಜ್ಜಿ ನೋಡಿ. ಗಡುಸಾಗುವ ಬಟ್ಟೆ ಅಲ್ಲೇ ಸಿಕ್ಕಿಬೀಳುತ್ತದೆ. ಫ್ಲೀಸ್, ಉಣ್ಣೆ, ಮೇಲ್ಮೈ ಉಜ್ಜಿ ನವಿರಾಗಿಸಿದ ಪಾಲಿಯೆಸ್ಟರ್, ಇವು ಚಳಿಯಲ್ಲೂ ಮೆತ್ತಗೇ ಇರುತ್ತವೆ. ವೆಲ್ಕ್ರೋ ಇರುವ ಜೇಬು ಮಾತ್ರ ಬೇಡವೇ ಬೇಡ. ನಿಶ್ಶಬ್ದ ಕಾಡಿನಲ್ಲಿ ವೆಲ್ಕ್ರೋ ಬಿಚ್ಚುವ ಸದ್ದು ಬಟ್ಟೆ ಹರಿದ ಹಾಗೆ ಕೇಳುತ್ತದೆ. ಗುಂಡಿ ಇರಲಿ, ಇಲ್ಲ ಪ್ಲಾಸ್ಟಿಕ್ ಜಿಪ್ ಇರಲಿ. ಲೋಹದ ಜಿಪ್‌ನ ಎಳೆಯುವ ತುದಿ ಕಿಣಿಕಿಣಿ ಅಂದರೆ ಅದನ್ನು ತೆಗೆದು ಒಂದು ದಾರ ಕಟ್ಟಿ.

ಫ್ಲೀಸ್ ವೆಸ್ಟ್‌ಗೆ ಬರೋಣ. ಇದನ್ನು ಎರಡು ಸೀಸನ್‌ನಿಂದ ತೊಡುತ್ತಿದ್ದೇನೆ. ತೋಳಿಲ್ಲದಿರುವುದೇ ಇದರ ದೊಡ್ಡ ಗುಣ. ಎದೆ, ಬೆನ್ನು ಬೆಚ್ಚಗಿರುತ್ತವೆ, ಕಂಕುಳಿನ ಕಡೆಯಿಂದ ಸೆಖೆ ಹೊರಗೆ ಹೋಗುತ್ತದೆ. ನಡೆಯುವಾಗ ಒಳಗಿನ ಸ್ವೆಟರ್ ತೆಗೆದು ವೆಸ್ಟ್ ಮಾತ್ರ ಉಳಿಸಿಕೊಳ್ಳಬಹುದು, ಕೂರುವಾಗ ಮತ್ತೆ ಒಳಗೆ ಹಾಕಿಕೊಳ್ಳಬಹುದು. ಏನೇ ಹಾಕಲಿ, ತೆಗೆಯಲಿ, ಕಿತ್ತಳೆ ಮೇಲೇ ಇರುತ್ತದೆ. ಜಾಕೆಟ್‌ನಲ್ಲಿ ಬಿಸಿಯೂ ಬಣ್ಣವೂ ಒಂದೇ ಬಟ್ಟೆಯಲ್ಲಿದ್ದವು. ಬಿಸಿ ಬೇಡ ಅಂತ ತೆಗೆದರೆ ಬಣ್ಣವೂ ಹೋಗುತ್ತಿತ್ತು. ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಇಡಿ ಅನ್ನುವುದೇ ನಾನು ಕೊಡುವ ಒಂದು ಸಲಹೆ. ಇದಕ್ಕೆ ಎರಡು ಪಟ್ಟು ಖರ್ಚೇನೂ ಇಲ್ಲ, ಮನೆಯಲ್ಲಿರುವ ಯಾವ ಸ್ವೆಟರ್ ಆದರೂ ನಡೆಯುತ್ತದೆ. ಹತ್ತಿಯದು ಮಾತ್ರ ಬೇಡ. ಒಮ್ಮೆ ನೆನೆದರೆ ಒಣಗುವುದೇ ಇಲ್ಲ, ಮೈಯ ಬಿಸಿಯನ್ನೆಲ್ಲಾ ಎಳೆದುಬಿಡುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ.

ಅಳತೆ ನೋಡುವಾಗ ನಾನು ಎಡವಿದ್ದೆ, ನೀವು ಎಡವಬೇಡಿ. ಬರೀ ಶರ್ಟ್ ಮೇಲೆ ಹಾಕಿ ನೋಡಬೇಡಿ. ಚಳಿಗೆ ಏನೇನು ಹಾಕುತ್ತೀರೋ ಅಷ್ಟನ್ನೂ ಹಾಕಿಕೊಂಡು ಅದರ ಮೇಲೆ ತೊಟ್ಟು ನೋಡಿ. ಎರಡೂ ಕೈ ಮುಂದಕ್ಕೆ ಚಾಚಿ, ಕುಕ್ಕರಗಾಲಲ್ಲಿ ಕೂತು, ತಲೆ ಹಿಂದಕ್ಕೆ ತಿರುಗಿಸಿ. ಬೆನ್ನ ಮೇಲೆ ಎಳೆದರೆ ಒಂದು ಅಳತೆ ದೊಡ್ಡದು ಬೇಕು. ಮನೆಯಲ್ಲಿ, ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಕೋವಿಯನ್ನು ಭುಜಕ್ಕೆ ಏರಿಸಿ ನೋಡಿ. ಕೋವಿಯ ಬುಡ ಭುಜದ ಮೇಲೆ ಕೂರುವ ಜಾಗದಲ್ಲಿ ದಪ್ಪ ಹೊಲಿಗೆ, ಜೇಬಿನ ಅಂಚು, ಬಕಲ್ ಏನೂ ಇರಬಾರದು. ಕಾಲರ್ ಎತ್ತರವಾಗಿದ್ದರೆ ಕೆನ್ನೆಗೂ ಕೋವಿಗೂ ನಡುವೆ ಮಡಚಿಕೊಳ್ಳುತ್ತದೆ. ನನ್ನ ಭುಜ ಸಣ್ಣದು. ಗಂಡಸರ ಅಳತೆಯ ವೆಸ್ಟ್‌ಗಳು ನನಗೆ ಭುಜದಿಂದ ಆಚೆ ಜಾರುತ್ತವೆ, ಕೋವಿ ಏರಿಸಿದಾಗ ಬುಡ ಬಟ್ಟೆಯನ್ನು ಮುದುರಿಕೊಂಡೇ ಬರುತ್ತದೆ. ಹೆಂಗಸರಿಗೆ ಅಂತಲೇ ಕತ್ತರಿಸಿ ಹೊಲಿದ ವೆಸ್ಟ್ ಸಿಕ್ಕಿದ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಸಿಗದಿದ್ದರೆ, ಪಕ್ಕದಲ್ಲಿ ಬಿಗಿ ಮಾಡುವ ಪಟ್ಟಿ ಇರುವುದನ್ನೇ ಹುಡುಕಿ.

ಅಟ್ಟಣೆ ಹತ್ತುವವರು ಬೀಳದ ಹಾಗೆ ಕಟ್ಟಿಕೊಳ್ಳುವ ಬೆಲ್ಟ್ ಕಟ್ಟಿಯೇ ಕೊನೆಯ ಸಲ ಕನ್ನಡಿ ನೋಡಿಕೊಳ್ಳಿ. ಆ ಪಟ್ಟಿಗಳು ಎದೆಯ ಕಿತ್ತಳೆಯಲ್ಲಿ ಎಷ್ಟನ್ನು ಮುಚ್ಚುತ್ತವೆ ಅಂತ ಕಾಣುತ್ತದೆ. ಬ್ಯಾಗ್ ಇನ್ನೂ ಮೋಸ. ಬೆನ್ನಿನ ಕಿತ್ತಳೆ ಪೂರ್ತಿ ಅದರ ಹಿಂದೆ ಹೋಗಿಬಿಡುತ್ತದೆ. ಕಿತ್ತಳೆ ಬಣ್ಣದ ಬ್ಯಾಗ್ ಕವರ್ ಬರುತ್ತದೆ, ತಪ್ಪದೆ ತೆಗೆದುಕೊಳ್ಳಿ. ಅವತ್ತಿನ ಇಳಿಜಾರಿನ ಮಾತು ಆದ ಮೇಲೆ ಅಣ್ಣ ಮೊದಲು ತಂದುಕೊಟ್ಟದ್ದು ಅದನ್ನೇ.

ಟೋಪಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಒಂದೇ ವಸ್ತು ಕೊಳ್ಳುವಷ್ಟು ದುಡ್ಡಿದ್ದರೂ ಒಳ್ಳೆಯ ಟೋಪಿಗೇ ಹಾಕಿ ಅನ್ನುತ್ತೇನೆ. ಪೊದೆಯ ಮೇಲೆ, ಬಂಡೆಯ ಮೇಲೆ ಮೊದಲು ಏಳುವುದು ತಲೆಯೇ. ನನ್ನ ಹತ್ತಿರ ಎರಡಿವೆ. ನಡೆಯುವಾಗ ತೆಳ್ಳನೆಯ ಕ್ಯಾಪ್, ಕೂರುವಾಗ ಕಿವಿ ಮುಚ್ಚುವ ಹೆಣೆದ ಟೋಪಿ. ಒಂದೇ ಇದ್ದರೆ ಬೆವರಿದಾಗ ತೆಗೆದು ಜೇಬಿಗೆ ಹಾಕುತ್ತೇವೆ, ಮತ್ತೆ ಅದೇ ಕಥೆ. ಹೆಣೆದ ಟೋಪಿ ಹಣೆಗೆ ಚುಚ್ಚಿದರೆ ಒಳಗೆ ಫ್ಲೀಸ್ ಪಟ್ಟಿ ಇರುವುದನ್ನು ನೋಡಿ.

ಫ್ಲೀಸ್‌ಗೂ ಕೊರತೆ ಇವೆ. ಕಾಡಿನ ಅಂಟುವ ಬೀಜ, ಒಣ ಹುಲ್ಲಿನ ಮುಳ್ಳು ಎಲ್ಲಾ ಇದರ ಮೇಲೇ ಬಂದು ಕೂರುತ್ತವೆ. ಮನೆಗೆ ಬಂದು ಬಾಚಣಿಗೆಯಿಂದ ಬಿಡಿಸುವುದೇ ಅರ್ಧ ಗಂಟೆಯ ಕೆಲಸ. ಗಾಳಿ ತಡೆಯುವುದಿಲ್ಲ. ಜೋರು ಮಳೆ ಬಂದರೆ ನೀರು ಕುಡಿದು ಭಾರ ಆಗುತ್ತದೆ. ಮಳೆ ದಿನಕ್ಕೆ ನಾನು ತೆಳ್ಳನೆಯ ಮಳೆ ಕೋಟನ್ನು ವೆಸ್ಟ್‌ನ ಒಳಗೆ ಹಾಕುತ್ತೇನೆ, ಮೇಲೆ ಅಲ್ಲ. ವೆಸ್ಟ್ ನೆನೆಯುತ್ತದೆ, ನಾನು ನೆನೆಯುವುದಿಲ್ಲ, ಬಣ್ಣ ಮುಚ್ಚುವುದಿಲ್ಲ. ಕೋಟಿನ ಸದ್ದನ್ನೂ ಮೇಲಿನ ಫ್ಲೀಸ್ ಅಮುಕಿಬಿಡುತ್ತದೆ. ಎಡಗಡೆ ಜೇಬು ಇನ್ನೂ ಆಳ ಇರಬೇಕಿತ್ತು. ಕೂತಾಗ ಅದರಲ್ಲಿದ್ದ ವಾಕಿಟಾಕಿ ಎರಡು ಸಲ ಜಾರಿ ಬಿತ್ತು.

ಒಗೆಯುವುದಕ್ಕೂ ಒಂದು ರೀತಿ ಇದೆ. ಬಟ್ಟೆ ಬೆಳ್ಳಗೆ ಹೊಳೆಯುವಂತೆ ಮಾಡುವ ಸೋಪಿನ ಪುಡಿ ಬಳಸಬೇಡಿ. ಅದರಲ್ಲಿರುವ ಹೊಳಪಿನ ರಾಸಾಯನಿಕ ಅತಿನೇರಳೆ ಬೆಳಕನ್ನು ನೀಲಿಯಾಗಿ ಮಾಡಿ ವಾಪಸ್ ಬಿಡುತ್ತದೆ. ಜಿಂಕೆಯ ಕಣ್ಣು ಚುರುಕಾಗಿರುವುದು ಆ ನೀಲಿಗೇ ಅಂತ ಆಗಲೇ ಹೇಳಿದೆನಲ್ಲ. ಕಿತ್ತಳೆ ಹಾಕಿಕೊಂಡೂ ಅದರ ಕಣ್ಣಿಗೆ ಬೀಳದೆ ಕೂತವರು ಹೀಗೆ ಒಗೆದ ಬಟ್ಟೆಯಿಂದ ಕಣ್ಣಿಗೆ ಬೀಳಬಹುದು. ಹೊಳಪಿನ ಪುಡಿಯೂ ಪರಿಮಳವೂ ಇಲ್ಲದ ಸೋಪು, ತಣ್ಣೀರು, ನೆರಳಲ್ಲಿ ಒಣಗಿಸುವುದು, ಇಷ್ಟೇ. ಬ್ಲೀಚ್ ಹತ್ತಿರವೂ ತರಬೇಡಿ.

ನೆರಳಲ್ಲಿ ಅಂದದ್ದಕ್ಕೆ ಕಾರಣ ಇದೆ. ಫ್ಲೋರೊಸೆಂಟ್ ಬಣ್ಣವನ್ನು ಬಿಸಿಲು ತಿನ್ನುತ್ತದೆ. ದಿನಾ ನೋಡುವ ನಮಗೆ ಅದು ಗೊತ್ತಾಗುವುದಿಲ್ಲ. ಮೊನ್ನೆ ಸೀಸನ್‌ಗೆ ಮುಂಚೆ ವೆಸ್ಟ್ ಹೊರಗೆ ತೆಗೆದು ಬಲಗಡೆ ಜೇಬಿನ ಮುಚ್ಚಳ ಎತ್ತಿದೆ. ಮುಚ್ಚಳದ ಕೆಳಗಿನ ಬಟ್ಟೆ, ಬಿಸಿಲನ್ನೇ ನೋಡದ ಬಟ್ಟೆ, ಕೊಂಡ ದಿನದ ಹಾಗೇ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಎದೆಯ ಭಾಗ ಹಣ್ಣಾದ ಪಪ್ಪಾಯಿ ಸಿಪ್ಪೆಯ ಹಾಗೆ ಹಳದಿಗೆ ತಿರುಗಿತ್ತು. ಭುಜದ ಮೇಲೆ, ಕೋವಿಯ ಬಾರು ಉಜ್ಜುವ ಜಾಗದಲ್ಲಿ, ಇನ್ನೂ ಮಂಕು. ಅಂಗಳದ ಕೊನೆಯಲ್ಲಿ ಅದನ್ನು ನೇತುಹಾಕಿ ಅಣ್ಣನನ್ನು ಕರೆದು ತೋರಿಸಿದೆ. ಅವನು ಮುಸ್ಸಂಜೆ ಆಗುವವರೆಗೆ ಕಾದು, ಗೇಟಿನ ಹತ್ತಿರ ಹೋಗಿ ನಿಂತು ನೋಡಿದ.

"ಈ ಸೀಸನ್‌ಗೆ ಪರವಾಗಿಲ್ಲಮ್ಮಾ," ಅಂದ. "ಮುಂದಿನ ಸಲಕ್ಕೆ ಹೊಸದು ತಗೋ."

ಅದೇ ವೆಸ್ಟ್, ಅದೇ ಅಳತೆ ಮತ್ತೆ ಕೊಳ್ಳುತ್ತೇನೆ. ಈ ಸಲ ಗುಲಾಬಿಯಲ್ಲಿ ಸಿಗುತ್ತದಾ ಅಂತ ಕೇಳಿ ನೋಡಬೇಕು.